ಸೈಕಲ್ ಬಿಟ್ಟು ಬೇರೆ ಮಾತಿಲ್ಲ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ತಟ್ಟೆ ಬತಾಗೋರ್.

ಬಾಂಡುಂಗಿನ ಹಳೇ ಸೈಕಲ್ ಪ್ರಿಯರ ಈಮೇಲ್ ಬಳಗಕ್ಕೆ ಎಂಗ್ಕೋಸ್ ಮೇಲ್ವಿಚಾರಕ. ತಾನು ಕೆಲಸಕ್ಕಿದ್ದ ಅಂಚೆ ಕಚೇರಿಯಲ್ಲಿ ಅವನ ಮಾತಿಗೆ ಬೆಕ್ಕೂ ಕಿವಿಗೊಡುತ್ತಿರಲಿಲ್ಲ. ಬಳಗದಲ್ಲಿ ಮಾತ್ರ ಮುನ್ನೂರು ಜನ ಅವನ ಅಂಕೆಯಲ್ಲಿದ್ದರು. ಸೈಕಲ್ ಬಿಟ್ಟು ಬೇರೆ ಮಾತಿಲ್ಲ ಎಂಬ ನಿಯಮ ಅವನದೇ. ಅದನ್ನು ಹೇಳಿಕೊಳ್ಳುವಾಗ ಅವನೆದೆ ಆಗಷ್ಟೇ ಗಾಳಿ ಹೊಡೆದ ಟಯರಿನಂತೆ ಉಬ್ಬುತ್ತಿತ್ತು.

ಶನಿವಾರ ಬೆಳಿಗ್ಗೆ ಯಾಯಾತನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು, ಚೌಕದಿಂದ ಹೊರಡುವ ಮರುದಿನದ ಸವಾರಿಯ ದಾರಿಯನ್ನು ಬಳಗಕ್ಕೆ ಬರೆದ. ಚಿರೆಬೋನಿನ ಸೈಕಲ್ ಸಂಘದವರು ನೋಡಲು ಬರುವವರಿದ್ದರು. ನಮ್ಮಂಥ ಶಿಸ್ತು ಜಾವಾದಲ್ಲೇ ಇಲ್ಲ ಎಂದು ಅವರ ಮುಂದೆ ಕೊಚ್ಚಿಕೊಂಡಿದ್ದ.

ಮೊದಲ ಉತ್ತರ ಎಲ್ಲರೂ ಅಕ್ಕ ಎನ್ನುವ ಈಮಾಸಳದು. "ಸವಾರಿ ಆದ್ಮೇಲೆ ಬತಾಗೋರ್ ಎಲ್ಲಿ ತಿನ್ನೋಣ?"

ಜೇನುಗೂಡಿಗೆ ಕಲ್ಲು ಬಿತ್ತು. ಕರಿದ ಮೀನಿನ ಬತಾಗೋರಿಗೆ ಕಡಲೆಕಾಯಿ ಚಟ್ನಿ ಸರಿ, ಚಟ್ನಿಗೆ ನಿಂಬೆ ಹಿಂಡಬೇಕೇ ಬೇಡವೇ? "ಹಿಂಡೋರು ಬಾಂಡುಂಗಿನವರೇ ಅಲ್ಲ!" ಎಂದರು ಒಬ್ಬರು. "ಹಿಂಡದೋರಿಗೆ ನಾಲಿಗೆಯೇ ಇಲ್ಲ!" ಎಂದರು ಇನ್ನೊಬ್ಬರು.

ಎಂಗ್ಕೋಸ್ ಹಲ್ಲು ಕಚ್ಚಿ, ಉತ್ತರಗಳು ಬಳಗಕ್ಕೆ ಬಾರದೆ ಬರೆದವರಿಗೆ ಮಾತ್ರ ಹೋಗುವಂತೆ ಬದಲಿಸಿದ. ಸ್ವಲ್ಪ ಹೊತ್ತಿಗೆ ಅಂಗಡಿಯ ಫೋನ್ ಬಡಿದುಕೊಂಡಿತು.

"ಏನ್ ಮಾಡಿಟ್ಯೋ ತಮ್ಮಾ?" ಈಮಾಸ್ ಅಬ್ಬರಿಸಿದಳು. "ಊರವರ ನಿಂಬೆಹಣ್ಣೆಲ್ಲ ನನ್ನ ತಲೆ ಮೇಲೇ ಹಿಂಡ್ತಿದಾರೆ! ಬೈಗುಳವೆಲ್ಲ ನನ್ನೊಬ್ಬಳಿಗೇ ಬರ್ತಿದೆ!"

ಎಂಗ್ಕೋಸ್ ಗಡಿಬಿಡಿಯಿಂದ ಬದಲಾವಣೆಯನ್ನು ಹಿಂತೆಗೆದ. ಆಗಲೇ ಅವನಿಗೆ ಮಹಾ ಉಪಾಯವೊಂದು ಹೊಳೆಯಿತು. ಹರಟೆಗೆಂದೇ 'ವಾರುಂಗ್', ಅಂದರೆ ಗೂಡಂಗಡಿ, ಎಂಬ ಇನ್ನೊಂದು ಬಳಗ ಕಟ್ಟಿ, ಎಲ್ಲ ಸದಸ್ಯರನ್ನೂ ಅದಕ್ಕೆ ಸೇರಿಸಿದ. ತನ್ನ ಹೆಸರನ್ನು ಮಾತ್ರ ಬಿಟ್ಟ. ಹರಟೆಯಲ್ಲಿ ದೊಡ್ಡ ಮನುಷ್ಯನಿಗೇನು ಕೆಲಸ?

"ಅಕ್ಕಾ, ಅಲ್ಲಿಗೆ ನೀವೇ ಮೇಲ್ವಿಚಾರಕಿ," ಎಂದ ಫೋನಿನಲ್ಲಿ. "ಹರಟೆಗೂ ಶಿಸ್ತು ಬೇಕು. ಯಾರಾದ್ರೂ ವಿಷಯ ಬಿಟ್ಟು ಮಾತಾಡಿದ್ರೆ ಮುಲಾಜು ನೋಡ್ಬೇಡಿ."

ಮಧ್ಯಾಹ್ನದ ಹೊತ್ತಿಗೆ ಸೈಕಲ್ ಬಳಗ ಪರೀಕ್ಷೆ ಕೋಣೆಯಂತೆ ತಣ್ಣಗಾಯಿತು. ಅಷ್ಟರಲ್ಲಿ ಪೊಲೀಸರಿಂದ ಸುದ್ದಿ ಬಂತು. ನಾಳೆ ಚೌಕದಲ್ಲಿ ಬೇರೆ ಸಮಾರಂಭವಿದೆ, ಸವಾರಿ ರೈಲು ನಿಲ್ದಾಣದಿಂದ ಹೊರಡಲಿ. ಎಂಗ್ಕೋಸ್ ಕೂಡಲೇ ಬಳಗಕ್ಕೆ ತಿಳಿಸಿದ. ಒಬ್ಬರೂ ತುಟಿ ಬಿಚ್ಚಲಿಲ್ಲ.

"ಯಾರಾದ್ರೂ ಓದಿದಾರೋ ಇಲ್ವೋ?" ಯಾಯಾತ್ ಕೇಳಿದ.

"ಓದದೇ ಏನು? ಎದುರು ಮಾತಿಲ್ಲ ನೋಡು. ಇದಕ್ಕೇ ಶಿಸ್ತು ಅನ್ನೋದು!"

ಎಂಗ್ಕೋಸನನ್ನು ಕಾಂಗ್, ಅಂದರೆ ಅಣ್ಣ, ಎಂದು ಕರೆಯುವ ಯಾಯಾತನೂ ಬಳಗದ ಸದಸ್ಯನೇ. ಸಂಜೆ ತನ್ನ ಕಂಪ್ಯೂಟರಿನ ಮುಂದೆ ಕೂತವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಕಾಂಗ್, ನಾಳೆ ಸವಾರಿನೇ ಇಲ್ವಂತೆ! ಎಲ್ಲರೂ ವಾರುಂಗಲ್ಲೇ ಕೂತು ತೀರ್ಮಾನ ಮಾಡಿದಾರೆ. ಬಸ್ ಮಾಡ್ಕೊಂಡು ಲೆಂಬಾಂಗಿಗೆ ಹೋಗ್ತಾರಂತೆ. ನಿಂಬೆ ಜಗಳ ಅಲ್ಲಿ ತಿಂದೇ ಇತ್ಯರ್ಥ ಆಗ್ಬೇಕಂತೆ. ಚಿರೆಬೋನಿನವರೂ ಹೊರಟಿದಾರೆ!"

ಎಂಗ್ಕೋಸನ ಮುಖ ಪಂಕ್ಚರಾಯಿತು. ಓಡೋಡಿ ವಾರುಂಗಿಗೆ ಸೇರಿಕೊಂಡು ಬರೆದ: "ಬಂಧುಗಳೇ, ನಾಳೆ ಸವಾರಿ ಇದೆ! ದಯವಿಟ್ಟು ಸೈಕಲ್ ತಗೊಂಡು ರೈಲು ನಿಲ್ದಾಣಕ್ಕೆ ಬನ್ನಿ!"

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ಮಾನ್ಯ ಸದಸ್ಯರೇ, ಸ್ವಾಗತ. ಇದು ಹರಟೆಯ ಬಳಗ. ಇಲ್ಲಿ ಸೈಕಲ್ ವಿಷಯ ನಿಷಿದ್ಧ. ದಯವಿಟ್ಟು ಸಂಬಂಧಪಟ್ಟ ಬಳಗದಲ್ಲಿ ಬರೆಯಿರಿ. ಮತ್ತೆ ತಪ್ಪಿದರೆ ಹೆಸರು ತೆಗೆಯಲಾಗುವುದು. ಇತಿ, ಮೇಲ್ವಿಚಾರಕಿ ಈಮಾಸ್."

ಎಂಗ್ಕೋಸ್ ಅದನ್ನು ಮತ್ತೆ ಮತ್ತೆ ಓದಿದ. ತಾನು ಸೈಕಲ್ ಬಳಗದಲ್ಲಿ ಕೊಡುವ ಎಚ್ಚರಿಕೆಯ ಧಾಟಿಯೇ; ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಬೇಡ ಬೇಡವೆಂದರೂ ಅವನ ಬೆನ್ನು ನೆಟ್ಟಗಾಯಿತು.

"ನೋಡಿದ್ಯಾ? ಇದನ್ನ ಆಕೆಗೆ ಕಲಿಸಿದ್ದು ಯಾರು?"

"ನೀವೇ ಬಿಡಿ ಕಾಂಗ್," ಎಂದ ಯಾಯಾತ್ ಕಣ್ಣೊರೆಸಿಕೊಳ್ಳುತ್ತ. "ಬಸ್ಸಲ್ಲಿ ಒಂದು ಸೀಟ್ ಉಳಿದಿದ್ಯಂತೆ. ನಿಮಗೆ ಹಿಡೀಲಾ?"

ಎಂಗ್ಕೋಸ್ ಅಂಗಿಯ ಕಾಲರ್ ಸರಿಪಡಿಸಿಕೊಂಡ.

"ಹಿಡಿ," ಎಂದ ಕೊನೆಗೆ. "ಆದ್ರೆ ವಾರುಂಗಲ್ಲೇ ಕೇಳು. ಸೈಕಲ್ ಬಳಗದಲ್ಲಿ ಬಸ್ಸಿನ ಮಾತು ಬೇಡ!"