ನಾಯಿ ಬಾಗಿಲು ಕೂಡಿಸಲು ಹೋಗಿ

ಏಳನೇ ಇಯತ್ತೆಯ ಗಣಿತ ಪರೀಕ್ಷೆ ಇದ್ದ ಸೋಮವಾರ, ಭಾಲ್ಕಿಯಲ್ಲಿ ಶಾಲೆಯ ದಾರಿ ಬಿಟ್ಟು ಬಸ್ಸು ಹತ್ತಿದೆ. ಅವತ್ತಿನಿಂದ ಯಾವ ಊರಲ್ಲೂ ಎರಡು ವರ್ಷ ನಿಂತವನಲ್ಲ. ಈಗ ನಾಸಿಕ್‌ನಿಂದ ಸಂಭಾಜಿನಗರದವರೆಗೆ ಮನೆಗಳಿಗೆ ನಾಯಿ-ಬೆಕ್ಕಿನ ಎಲೆಕ್ಟ್ರಾನಿಕ್ ಬಾಗಿಲು ಕೂಡಿಸುವ ಕೆಲಸ. ದೊಡ್ಡ ಬಾಗಿಲಿನ ಕೆಳಗೊಂದು ಕಿಂಡಿ, ಪ್ರಾಣಿಯ ಕೊರಳಿಗೊಂದು ಟ್ಯಾಗು. ಟ್ಯಾಗು ಹತ್ತಿರ ಬಂದು ಸೆನ್ಸರಿನ ಕಣ್ಣಿಗೆ ಬಿದ್ದರೆ ಕಿಂಡಿ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟು ಸರಳವಾದದ್ದರಲ್ಲೂ ವಾರಕ್ಕೊಂದು ಫಜೀತಿ ಹೇಗೆ ಹುಟ್ಟುತ್ತದೋ, ನನ್ನನ್ನು ಕೇಳಬೇಡಿ.

ಪೂಜೆ

ನಾಸಿಕ್‌ನ ಅಂಬಡ್‌ನಲ್ಲಿ ಕಲಬುರಗಿ ಕಡೆಯವರ ಮನೆ. ಕೂಡಿಸಿ ಬಂದ ಮರುದಿನವೇ ಮನೆಯೊಡತಿಯ ಫೋನು: "ನಾಯಿ ಹೊರಗ ನಿಂತು ಅಳ್ಲಿಕತ್ತದ, ನಿಮ್ಮ ಬಾಗಲ ತೆರೀವಲ್ದು!"

ಓಡಿಹೋಗಿ ನೋಡಿದರೆ, ಸೆನ್ಸರಿನ ಕಣ್ಣಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ.

"ಅಮ್ಮಾರ, ಇದರ ಕಣ್ಣೇ ಮುಚ್ಚೀರಲ್ರಿ."

"ಹೊಸ್ತಲಾ ಅಂದಮ್ಯಾಲ ಪೂಜಿ ಬ್ಯಾಡೇನ್ರಿ?"

ಒರೆಸಿದೆ. ಕಿಂಡಿ ತೆರೆಯಿತು. ಆಕೆ ಕೈಮುಗಿದರು: "ನೋಡ್ರಿ, ಪೂಜಿ ಫಲಿಸ್ತು!"

ಹುಕುಂ

ದೇವಳಾಲಿ ಕ್ಯಾಂಪಿನ ನಿವೃತ್ತ ಸುಬೇದಾರರ ನಾಯಿಗೆ ಹುಕುಂ ಇಲ್ಲದೆ ಒಳಗೆ ಕಾಲಿಟ್ಟು ಗೊತ್ತಿಲ್ಲ. ಕಿಂಡಿ ತಾನೇ ತೆರೆಯುತ್ತದೆ, ನಾಯಿ ಸೆಟೆದು ನಿಂತಿರುತ್ತದೆ, ಕಿಂಡಿ ತಾನೇ ಮುಚ್ಚುತ್ತದೆ. ಕೊನೆಗೆ ಸುಬೇದಾರರು ಕಿಂಡಿಯ ಪಕ್ಕ ಕುರ್ಚಿ ಹಾಕಿ ಕೂತು, ನಾಯಿ ಬಂದಾಗಲೆಲ್ಲ "ಅಂದರ್!" ಅನ್ನತೊಡಗಿದರು.

ಅವರ ಹೆಂಡತಿ ನನ್ನನ್ನು ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡರು: "ಮೊದಲು ಇವರು ಬಾಗಿಲು ತೆಗೆದು ವಾಪಸ್ ಬರುತ್ತಿದ್ದರು, ಭಯ್ಯಾ. ನಿನ್ನ ಆಟೊಮೆಟಿಕ್ ಬಂದ ಮೇಲೆ ಊಟಾನೂ ಅಲ್ಲೇ!"

ಪೋಳಾ

"ಎರಡು ದೂರು ಆದ್ವು. ಮೂರನೇದು ಬಂತಂದ್ರ ಗಂಟು ಕಟ್ಟು" ಅಂದರು ನನಗೆ ಕೆಲಸ ಕೊಟ್ಟ, ನಮ್ಮ ಕಡೆಯವರೇ ಆದ ಮಾಲೀಕರು. ನನಗೋ ಈ ಸಲ ನಿಲ್ಲಬೇಕೆನಿಸಿತ್ತು. ಅವರ ಮನೆಯ ಹಿಂದೆ ನನಗೆ ಕೊಟ್ಟಿದ್ದ ಖೋಲಿಯ ಗೋಡೆಗೆ ಜೀವನದಲ್ಲೇ ಮೊದಲ ಸಲ ಮೊಳೆ ಹೊಡೆದು ಕನ್ನಡಿ ತೂಗಿಹಾಕಿದ್ದೆ.

ಹೊಸ ಸೊಸಾಯಿಟಿ ಕಟ್ಟುತ್ತಿದ್ದ ಬಿಲ್ಡರ್ ಒಬ್ಬರು ಸಂಭಾಜಿನಗರದಲ್ಲಿದ್ದ ನಮ್ಮ ಮಾಲೀಕರ ಮನೆಗೇ ಬಾಗಿಲು ನೋಡಲು ಬರುವವರಿದ್ದರು. ತೋರಿಸಲು ಇರಲಿ ಅಂತ ಹತ್ತು ಹೊಸ ಟ್ಯಾಗುಗಳನ್ನು ಆ ಮನೆಯ ಬೆಕ್ಕಿನ ಕಿಂಡಿಗೆ ಹೊಂದಿಸಿ, ಮೇಜಿನ ಮೇಲಿಟ್ಟು, ನಾನು ಚಹಾಕ್ಕೆ ಹೋದೆ.

ವಾಪಸ್ ಬರುವ ಹೊತ್ತಿಗೆ ಬಿಲ್ಡರ್ ಬಂದು ಸೋಫಾದಲ್ಲಿ ಕೂತಿದ್ದರು. ನಮ್ಮ ಬೆಕ್ಕು ಬಿಟ್ಟರೆ ಒಂದು ಇಲಿ ಕೂಡ ಈ ಮನೆಯೊಳಗೆ ಬರುವ ಹಾಗಿಲ್ಲ ಎಂದು ಮಾಲೀಕರು ಮರಾಠಿಯಲ್ಲಿ ಕೊಚ್ಚಿಕೊಂಡರು.

ಕಿಂಡಿ ಟಕ್ ಅಂದಿತು. ಬೀದಿನಾಯಿಯೊಂದು ಒಳಗೆ ಬಂತು. ಹಿಂದೆ ಇನ್ನೊಂದು. ಮತ್ತೊಂದು. ಹಣೆಗೆ ಕುಂಕುಮ, ಕೊರಳಿಗೆ ಬಣ್ಣದ ಗೊಂಡೆ, ಗೊಂಡೆಯ ನಡುವೆ ನಮ್ಮ ಟ್ಯಾಗು.

ಒಳಗಿನಿಂದ ಮಾಲೀಕರ ತಾಯಿ ಆರತಿ, ಹೋಳಿಗೆ ಹಿಡಿದು ಬಂದರು. ಅವತ್ತು ಪೋಳಾ, ಎತ್ತಿನ ಹಬ್ಬ.

"ಊರಾಗ ಎತ್ತಿಗಿ ಶೃಂಗಾರ ಮಾಡ್ತಿದ್ದೆ. ಇಲ್ಲಿ ಎತ್ತು ಎಲ್ಲಿಂದ ತರ್ಲಿ? ಮೇಜಿನ ಮ್ಯಾಗ ಚಂದನ್ನ ಬಿಲ್ಲೆ ಇದ್ವು, ಓಣಿ ನಾಯಿಗೋಳ ಕೊಳ್ಳಾಗ ಕಟ್ಟಿದೆ" ಅಂದರು.

ಬಿಲ್ಡರ್ ಎರಡೂ ಕಾಲು ಸೋಫಾದ ಮೇಲೆ ಎತ್ತಿಕೊಂಡಿದ್ದರು. ಬೆಕ್ಕು ಕಪಾಟಿನ ಮೇಲಿತ್ತು. ಮಾಲೀಕರು ನನ್ನತ್ತ ನೋಡಿದರು. ಮೂರನೇ ದೂರನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಖೋಲಿಯಲ್ಲಿ ಸ್ಕ್ರೂಡ್ರೈವರು, ಅಳತೆ ಪಟ್ಟಿ, ಎರಡು ಅಂಗಿ ಚೀಲಕ್ಕೆ ತುಂಬುತ್ತಿದ್ದೆ. ಅಜ್ಜಿ ಅಲ್ಲಿಗೇ ಬಂದು ಎರಡು ಹೋಳಿಗೆ ಕಟ್ಟಿಕೊಟ್ಟು, ದನಿ ತಗ್ಗಿಸಿ ಅಂದರು:

"ಹೋಗಾಂವ ಹೋಗ್ತಿ, ಇನ್ನೊಂದು ಬಿಲ್ಲೆ ಇದ್ರ ಕೊಟ್ಟು ಹೋಗಪ್ಪಾ. ಕುಂಟ ನಾಯಿ ಒಂದು ಹೊರಗೇ ಉಳದದ."