ಹನ್ನೆರಡು ಬಾಯ್ಲರ್, ಹೇಳದೆ ಉಳಿಸಿಕೊಂಡ ಮೂರು ಮಾತು

ಹನ್ನೆರಡು ತಾಮ್ರದ ಬಾಯ್ಲರ್. ಒಂದೊಂದಕ್ಕೆ ಹದಿನೈದು ರೂಪಾಯಿ ಲಾಭ. ಒಟ್ಟು ನೂರ ಎಂಬತ್ತು. ವ್ಯಾಪಾರ ಇಷ್ಟೇ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಾಸನದಲ್ಲಿ ನನ್ನದು ಪಾತ್ರೆ ಅಂಗಡಿ. ಬಚ್ಚಲೊಲೆಗೆ ಸೌದೆ ತುರುಕಿ, ಹಂಡೆಯ ಮುಂದೆ ಕೂತು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದ ಜನ ಆಗತಾನೇ ಬಾಯ್ಲರ್ ಕಡೆ ತಿರುಗಿದ್ದರು. ಮನೆಗೆ ಬೆಂಕಿಯ ಹೊಸ ಸಾಮಾನು ಬಂದರೆ ಅದರ ಹಿಂದೆಯೇ ಹೊಸ ಪೇಚಾಟವೂ ಬರುತ್ತದೆ. ಗಲ್ಲಾದ ಹಿಂದೆ ಕೂತು ಇದನ್ನು ಎಷ್ಟೋ ವರ್ಷ ನೋಡಿದ್ದೇನೆ, ನಕ್ಕಿದ್ದೇನೆ. ಈ ಹನ್ನೆರಡರ ವಿಷಯದಲ್ಲಿ ಮಾತ್ರ ಪೇಚಾಟಕ್ಕೆ ಕಾರಣ ನಾನೇ. ಆದ್ದರಿಂದ ನಗು ಬರುವಾಗ ಸ್ವಲ್ಪ ತಡೆದುಕೊಂಡೇ ಬರುತ್ತದೆ.

ಬಾಯ್ಲರ್ ನೋಡದವರಿಗೆ ಹೇಳುತ್ತೇನೆ. ನಡುವೆ ಒಂದು ಕೊಳವೆ, ಅದರೊಳಗೆ ಇದ್ದಿಲೋ ತೆಂಗಿನ ಚಿಪ್ಪೋ ಉರಿಯುತ್ತದೆ. ಅದರ ಸುತ್ತ ನೀರು. ಪಕ್ಕದಲ್ಲಿ ನಲ್ಲಿ. ಮೇಲೆ ನೀರು ಹೊಯ್ಯುವ ಬಾಯಿ, ಅದಕ್ಕೆ ತಿರುಗಿಸುವ ಮುಚ್ಚಳ. ಮುಚ್ಚಳದ ಪಕ್ಕದಲ್ಲಿ ಬೆರಳು ಗಾತ್ರದ ಒಂದು ತೂತು, ಆವಿ ಹೋಗಲಿಕ್ಕೆ.

ಮಾಡಿಕೊಟ್ಟವರು ನಮ್ಮ ಬೀದಿಯ ಕೊನೆಯಲ್ಲಿದ್ದ ಆಚಾರ್ರು. ಹಾಸನದ ಸುತ್ತ ತಾಮ್ರ ಬಡಿಯುವುದರಲ್ಲಿ ಅಂಥ ಕೈ ಇರಲಿಲ್ಲ. ತಾವು ಮಾಡಿದ ಪಾತ್ರೆಯ ಕಂಠದ ಹತ್ತಿರ ಆರು ಎಸಳಿನ ಒಂದು ಸಣ್ಣ ಹೂವು ಕೊರೆಯುತ್ತಿದ್ದರು. ಅದು ಅವರ ಗುರುತು. ಹನ್ನೆರಡನ್ನೂ ತಂದು ಅಂಗಡಿಯಲ್ಲಿ ಸಾಲಾಗಿ ಇಳಿಸಿ ಹೇಳಿದರು:

"ಶೆಟ್ರೇ, ಮೂರು ಮಾತು ಯೋಳಿ ಮಾರಿ. ನೀರಿಲ್ದೆ ಉರಿ ಆಕ್‌ಬ್ಯಾಡಿ. ಈ ತೂತ ಮುಚ್‌ಬ್ಯಾಡಿ. ಕೆಟ್ರೆ ನೀವೇ ಕೈ ಆಕ್‌ಬ್ಯಾಡಿ. ಕೆಳಗಿಂದ ಉರಿ ಎಳ್ದಾಕಿ, ತಣ್ಣಗಾಗೋಗಂಟ ದೂರ ಇದ್ದು, ಆಮ್ಯಾಕೆ ನನ್ನ ಕರೀರಿ. ಇಷ್ಟೇಯ."

"ಆಚಾರ್ರೇ, ಕೊಳ್ಳೋಕೆ ಬಂದವರ ಮುಂದೆ ಸಿಡಿಯುತ್ತೆ, ಸುಡುತ್ತೆ ಅಂತ ಕೂತ್ರೆ ಅವರು ಹಂಡೆನೇ ಸಾಕು ಅಂತ ಎದ್ದು ಹೋಗ್ತಾರೆ."

"ಓಗ್ಲಿ. ಒಂದು ಒಡೆದ್ರೆ ಜನ ಶೆಟ್ರ ಬಾಯ್ಲರ್ ಅನ್ನಾಕಿಲ್ಲ, ಹೂವಿನ ಆಚಾರಿ ಬಾಯ್ಲರ್ ಅಂತಾರೆ. ನಂಗಿರಾದು ಅದೊಂದೇ ಹೆಸರು."

ಆಗಲಿ ಅಂದೆ. ಅಂದು ಸುಮ್ಮನಾದೆ. "ಕೆಟ್ಟರೆ ಜವಾಬ್ದಾರಿ ಅಂಗಡಿಯದು" ಅಂತ ಮಾತ್ರ ಗಿರಾಕಿಗಳಿಗೆ ಹೇಳುತ್ತಿದ್ದೆ. ಆ ಮಾತಿಗೆ ಮಾಲು ಖರ್ಚಾಗುತ್ತಿತ್ತು.

ಹೊಳೆನರಸೀಪುರದ ಬೆಳ್ಳಿ

ಮೊದಲು ಕೆಟ್ಟದ್ದು ಹೊಳೆನರಸೀಪುರದ ಒಬ್ಬ ಮಡಿ ಅಜ್ಜಿಯ ಮನೆಯಲ್ಲಿ. ಹೇಳಿಕಳಿಸಿದರು. ನಾನೂ ಆಚಾರ್ರೂ ರೈಲು ಹತ್ತಿ ಹೋದೆವು.

ಅಜ್ಜಿ ಬಾಗಿಲಲ್ಲೇ ಹಿಡಿದರು. "ಏನಪ್ಪಾ ಶೆಟ್ಟಿ, ನಲ್ಲಿಯೊಳಗೆ ಚರ್ಮದ ಬಿಲ್ಲೆ ಇದೆಯಂತಲ್ಲ? ಮಡಿ ಮನೆಗೆ ಅದನ್ನ ಮಾರೋಕೆ ನಿನಗೆ ಮನಸ್ಸಾದರೂ ಹ್ಯಾಗೆ ಬಂತು?"

"ಎಲ್ಲಾ ನಲ್ಲಿಯಲ್ಲೂ ಇರುತ್ತೆ ಅಮ್ಮ."

"ಅದಕ್ಕೇ ಬೀದಿ ನಲ್ಲಿ ನೀರು ನಾನು ಮುಟ್ಟಲ್ಲ. ಬಾವೀದೇ."

ಚರ್ಮವನ್ನು ಯಾರ ಕೈಲೋ ಕೀಳಿಸಿ ಎಸೆದು, ಅದರ ಜಾಗಕ್ಕೆ ಬಾಳೆನಾರು ಸುತ್ತಿಸಿದ್ದರು. ಬಾಳೆನಾರಿಗೆ ಮಡಿ ಗೊತ್ತೇ ಹೊರತು ನೀರು ಹಿಡಿಯುವುದು ಗೊತ್ತಿಲ್ಲ. ಹಿಂದಿನ ದಿನ ತುಂಬಿದ ನೀರೆಲ್ಲ ತೊಟ್ಟು ತೊಟ್ಟಾಗಿ ಸೋರಿಹೋಗಿತ್ತು. ಬೆಳಿಗ್ಗೆ ಖಾಲಿ ಬಾಯ್ಲರಿಗೆ ಉರಿ ಹಾಕಿ ಜಪಕ್ಕೆ ಕೂತಿದ್ದಾರೆ. ಜಪ ಮುಗಿಯುವ ಹೊತ್ತಿಗೆ ಬೆಸುಗೆಯೆಲ್ಲ ಕರಗಿ ಇಳಿದು, ಬಾಯ್ಲರ್ ಬುಡ ಒಂದು ಕಡೆ, ಮೈ ಒಂದು ಕಡೆ.

ಆಚಾರ್ರು ಬುಡ ತಿರುಗಿಸಿ ನೋಡಿದರು. "ಅಮ್ಮಾರೇ, ನೀರಿಲ್ದೆ ಉರಿ ಆಕ್‌ಬಾರ್ದು ಅಂತ ಶೆಟ್ರು ಯೋಳ್ಲಿಲ್ವಾ?" ಅಂತ ಕೇಳಿ ನನ್ನ ಕಡೆ ತಿರುಗಿದರು. ನಾನು ಬಾವಿಯ ಕಡೆ ತಿರುಗಿದೆ.

"ಅದಿರಲಿ, ಇಲ್ಲಿ ನೋಡು" ಅಂತ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಬೆಳ್ಳಗೆ ಹೊಳೆಯುವ ಏಳೆಂಟು ಗುಂಡುಗಳು. "ಬೂದಿಯೊಳಗೆ ಸಿಕ್ಕಿತು. ಬೆಳ್ಳಿ. ಒಳಗೆ ಇರೋದು ತಿಳೀದೆ ಮಾರಿಬಿಟ್ಟಿದೀಯ. ವಾಪಸ್ ಕೇಳಬೇಡ, ಬಾಯ್ಲರ್ ಈಗ ನನ್ನದು."

ಕರಗಿ ಬಿದ್ದ ಬೆಸುಗೆ ಅದು. ಆಚಾರ್ರು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. "ನಿಮಗೇ ಇರಲಿ ಅಮ್ಮ" ಅಂದೆ. ರಿಪೇರಿ ಪುಕ್ಕಟೆ ಮಾಡಿಕೊಟ್ಟು ಬಂದೆವು. ಮುಂದಿನ ಸಲ ಹಾಸನಕ್ಕೆ ಬಂದಾಗ ಅಜ್ಜಿ ಅಂಗಡಿಗೆ ಬಂದು, ಬೆಳ್ಳಿ ಸ್ವಲ್ಪ ಜಾಸ್ತಿ ಇರುವ ಬಾಯ್ಲರ್ ಇದ್ದರೆ ತಮ್ಮ ತಂಗಿಗೂ ಒಂದು ಬೇಕು ಅಂದರು. ಕೊಟ್ಟೆ.

ಅರಕಲಗೂಡಿನ ಮೊಹರು

ಅರಕಲಗೂಡಿನಿಂದ ಒಂದು ಕಾರ್ಡು ಬಂತು. ಬರೆದವರು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. "ಸದರಿ ಬಾಯ್ಲರಿನ ಮೊಹರು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಒಡೆದಿರುವುದರಿಂದ, ತಾವು ಕೂಡಲೇ ಹಾಜರಾಗಿ ತನಿಖೆ ಮಾಡತಕ್ಕದ್ದು."

ಬಾಯ್ಲರಿಗೆ ಮೊಹರೆಲ್ಲಿಂದ ಬಂತು ಅಂತ ಆಚಾರ್ರು ಬಸ್ಸಿನುದ್ದಕ್ಕೂ ಕೇಳುತ್ತಿದ್ದರು.

ಹೋಗಿ ನೋಡಿದರೆ ಗುಮಾಸ್ತರಿಗೆ ಹುಬ್ಬೇ ಇಲ್ಲ. ನಡೆದದ್ದನ್ನು ಅವರ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. "ಬುಡದಲ್ಲಿ ಒಂದು ಸಣ್ಣ ತೂತಾಗಿತ್ತು. ಅಂಗಡಿಗೆ ಹೇಳಿಕಳಿಸಿ ಅಂದೆ. ಇಷ್ಟಕ್ಕೆಲ್ಲ ಯಾಕೆ ಅಂತ, ಲಕೋಟೆಗೆ ಹಾಕೋ ಅರಗು ಕರಗಿಸಿ ಮೆತ್ತಿದರು. ಮೆತ್ತಿ, ಅದರ ಮೇಲೆ ತಮ್ಮ ಉಂಗುರದ ಮುದ್ರೆ ಒತ್ತಿದರು."

"ಮುದ್ರೆ ಯಾಕೆ ಒತ್ತಿದ್ರಿ ಸ್ವಾಮಿ?" ಅಂತ ನಾನು ಕೇಳಿದೆ.

"ಅರಗು ಹಾಕಿದ ಮೇಲೆ ಮುದ್ರೆ ಒತ್ತದೆ ಬಿಡೋಕಾಗುತ್ತೇನ್ರೀ?" ಅಂದರು ಗುಮಾಸ್ತರು.

ಉರಿ ಹಾಕಿ, ಊದುಗೊಳವೆ ಹಿಡಿದು ಮುಂದೆಯೇ ಕೂತಿದ್ದರಂತೆ. ಅರಗು ಕರಗಿತು. ನೀರೆಲ್ಲ ಒಂದೇ ಸಲಕ್ಕೆ ಕೆಂಡದ ಮೇಲೆ ಬಿತ್ತು. ಬೂದಿ, ಆವಿ, ಕಿಡಿ ಎಲ್ಲ ಎದುರಿಗಿದ್ದ ಮುಖಕ್ಕೇ ಬಡಿಯಿತು.

ಆಚಾರ್ರು ನಗಲಿಲ್ಲ. ಅವರ ಕಣ್ಣುಗಳನ್ನು ಹತ್ತಿರದಿಂದ ನೋಡಿದರು. "ಕಣ್ಣು ಉಳೀತಲ್ಲ ಸ್ವಾಮಿ. ನೀವೇ ಕೈ ಆಕ್‌ಬ್ಯಾಡಿ, ನಮ್ಮನ್ನ ಕರೀರಿ ಅಂತ ಶೆಟ್ರು..." ಅಷ್ಟಕ್ಕೇ ನಿಲ್ಲಿಸಿದರು. ಈ ಸಲ ನನ್ನ ಕಡೆ ನೋಡಲೂ ಇಲ್ಲ.

ಬೆಸುಗೆ ಹಾಕಿ ಮುಗಿಸಿದ ಮೇಲೆ ಗುಮಾಸ್ತರು ನಮ್ಮಿಬ್ಬರಿಂದಲೂ ಒಂದು ರಶೀದಿಗೆ ರುಜು ಹಾಕಿಸಿಕೊಂಡು, ಲಕೋಟೆಗೆ ಸೇರಿಸಿ, ಅರಗು ಹಾಕಿ ಮುದ್ರೆ ಒತ್ತಿದರು. ಅದು ಮಾತ್ರ ಸೋರಿದ ಸುದ್ದಿ ಬರಲಿಲ್ಲ.

ಚನ್ನರಾಯಪಟ್ಟಣದ ಹೆಂಚು

ಚನ್ನರಾಯಪಟ್ಟಣದ ಗಿರಾಕಿ ಕೊಬ್ಬರಿ ವ್ಯಾಪಾರಿ. ಹೇಳಿಕಳಿಸಲಿಲ್ಲ, ತಾವೇ ಬಂದರು. ಬಂದವರು ಗಲ್ಲಾದ ಮೇಲೆ ಎರಡು ಹೋಳಾದ ಮಂಗಳೂರು ಹೆಂಚು ಇಟ್ಟರು.

"ಇದರ ದುಡ್ಡು ಕೊಡಿ ಶೆಟ್ರೇ."

"ನಾನು ಹೆಂಚು ಮಾರಲ್ಲವಲ್ಲ ಸ್ವಾಮಿ."

"ಬಾಯ್ಲರ್ ಮಾರ್ತೀರಲ್ಲ. ಮೇಲೆ ಒಂದು ತೂತು ಬಿಟ್ಟಿದೀರಿ. ಅದರಲ್ಲಿ ಬುಸುಬುಸು ಆವಿ ಹೋಗೋದು. ಸುಟ್ಟ ಚಿಪ್ಪೆಲ್ಲ ಆಕಾಶಕ್ಕೆ ಹೋಗ್ತಾ ಇದೆಯಲ್ಲ ಅಂತ ನನ್ನ ಹೊಟ್ಟೆ ಉರಿಯೋದು. ಒಂದು ಹಿಡಿ ತೆಂಗಿನ ನಾರು ಉಂಡೆ ಕಟ್ಟಿ ಜಡಿದೆ. ಅದು ಬಂದೂಕಿನ ಗುಂಡಿನ ಹಾಗೆ ಹಾರಿ ಹೆಂಚು ಒಡೀತು. ಆ ತೂತು ಮುಚ್ಚಬಾರದು ಅಂತ ಹೇಳಬೇಕೋ ಬೇಡವೋ ನೀವು?"

"ನೀವು ಕೇಳಲಿಲ್ಲ."

"ಇದು ಚೆನ್ನಾಗಿದೆ. ನನ್ನ ಮೂಟೇಲಿ ಕೌಟು ಕೊಬ್ಬರಿ ಇದ್ರೆ ನಾನು ಹೇಳಿ ಮಾರಲ್ವಾ?"

"ಹೇಳ್ತೀರಾ?"

ಅವರು ಹೆಂಚಿನ ಎರಡು ಹೋಳನ್ನೂ ಜೋಡಿಸಿ ನೋಡಿದರು. "ಕೇಳಿದ್ರೆ ಹೇಳ್ತೀನಿ" ಅಂದರು. ಇಬ್ಬರೂ ನಕ್ಕುಬಿಟ್ಟೆವು. ಹೆಂಚಿನ ದುಡ್ಡು ಅರ್ಧರ್ಧ ಅಂತ ತೀರ್ಮಾನವಾಯಿತು. ಹೋಗುವಾಗ ಒಡೆದ ಎರಡು ಹೋಳನ್ನೂ ಎತ್ತಿಕೊಂಡರು. ಅರ್ಧ ನನ್ನದಲ್ಲವೇ ಅಂದೆ. ಒಂದು ಹೋಳು ಇಟ್ಟು ಹೋದರು.

ಅಂಗಡಿಯ ಮೂಲೆಯಲ್ಲಿ ಕೂತು ಕೊಡಕ್ಕೆ ಕಲಾಯಿ ಹಾಕುತ್ತಿದ್ದ ಆಚಾರ್ರು ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದರು. "ಇವತ್ತು ಹೆಂಚು. ನಾಳೆ ಯಾರ ತಲೆಯೋ. ಉಳ್ದಿರಾವ ಯೋಳಿ ಮಾರಿ ಶೆಟ್ರೇ. ಇಲ್ದಿದ್ರೆ ನನ್ನ ಕೈಲಿ ಇನ್ನ ಮಾಡಿಸ್‌ಬ್ಯಾಡಿ."

ಉಳಿದಿದ್ದದ್ದು ಒಂದೇ. ಒಂದಕ್ಕಾಗಿ ಯಾಕೆ ತಲೆನೋವು ಅಂತ ಅದನ್ನು ನಮ್ಮ ಮನೆಗೇ ಸಾಗಿಸಿದೆ. ಮಗಳ ಮದುವೆಯಾಗಿ ಅಳಿಯನ ಮೊದಲ ದೀಪಾವಳಿ ಬಂದಿತ್ತು.

ನಮ್ಮ ಮನೆಯ ಬೆನಕ

ದೀಪಾವಳಿಗೆ ಮುಂಚೆ ನಮ್ಮ ಕಡೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ನಮ್ಮವಳು ಹಂಡೆಗೆ ಮಾಡುತ್ತಿದ್ದುದನ್ನೆಲ್ಲ ಬಾಯ್ಲರಿಗೂ ಮಾಡಿದಳು. ಕೊನೆಗೆ ಸಗಣಿಯ ಬೆನಕ ಮಾಡಿ, ತಲೆಗೆ ಗರಿಕೆ ಸಿಕ್ಕಿಸಿ ಮೇಲಿಡಲು ಹೋದಳು. ಬಾಯ್ಲರಿನ ತಲೆ ಗುಂಡಗೆ, ಬೆನಕ ಜಾರುತ್ತಾನೆ. ಹುಡುಕಿದರೆ ಅವನು ಭದ್ರವಾಗಿ ಕೂರುವಂಥ ಜಾಗ ಒಂದೇ ಒಂದಿತ್ತು. ಅದರಲ್ಲಿ ಒತ್ತಿ ಕೂರಿಸಿದಳು.

ಬೆಳಿಗ್ಗೆ ಉರಿ ಹಾಕಿದ್ದಾಯಿತು. ಸಗಣಿ ಒಣಗಿ ಕಲ್ಲಾಯಿತು. ಅಳಿಯ ಲಂಗೋಟಿಯಲ್ಲಿ, ನೆತ್ತಿಯಿಂದ ಅಂಗಾಲಿನ ತನಕ ಹರಳೆಣ್ಣೆ ಹಚ್ಚಿಸಿಕೊಂಡು ಬಚ್ಚಲ ಮಣೆಯ ಮೇಲೆ ಕೂತಿದ್ದ. ಬಾಯ್ಲರ್ ಗೊರಗುಟ್ಟತೊಡಗಿತು. ಆಮೇಲೆ ಮೈ ನಡುಗಿಸತೊಡಗಿತು.

"ಮಾವಾ, ಇದು ಹೀಗೇ ಮಾಡುತ್ತಾ?" ಅಂದ ಅಳಿಯ.

"ತಾಮ್ರ ಒಳ್ಳೇದು, ಅದಕ್ಕೇ ಸದ್ದು" ಅಂದೆ. ಬಾಯಿ ಹಾಗಂದರೂ ಕೈ ತಣ್ಣೀರಿನ ಬಿಂದಿಗೆ ಎತ್ತಿತ್ತು, ಬಾಯ್ಲರಿನ ಮೇಲೆ ಸುರಿಯಲು.

ಪ್ರತಿ ದೀಪಾವಳಿಗೂ ನಮ್ಮ ಮನೆಯಲ್ಲಿ ಆಚಾರ್ರಿಗೆ ಒಂದು ಪಂಚೆ ಕೊಡುವ ರೂಢಿ. ಅದಕ್ಕೆ ಬಂದಿದ್ದವರು ಆ ಸದ್ದು ಕೇಳಿ ನೇರವಾಗಿ ಬಚ್ಚಲಿಗೇ ನುಗ್ಗಿ, ನನ್ನ ರಟ್ಟೆ ಹಿಡಿದು ಎಳೆದರು. "ನೀರ್ ಉಯ್‌ಬ್ಯಾಡಿ. ಮುಚ್ಚಳ ಮುಟ್‌ಬ್ಯಾಡಿ. ಎಲ್ರೂ ಈಚೆಗ್ ಓಗಿ."

ನನ್ನ ಹೆಂಡತಿ, "ಆಚಾರ್ರೇ, ಬೆನಕನ್ನ ಮುಟ್ಟಬೇಡಿ, ಇನ್ನೂ ಪೂಜೆ ಇದೆ" ಅಂದಳು.

"ನಾನ್ ಮುಟ್ಟಾಕಿಲ್ಲ ಕಣವ್ವಾ. ಅವನೇ ಎದ್ ಓಯ್ತಾನೆ. ನೀವ್ ಓಗಿ."

ಕಬ್ಬಿಣದ ಸಲಾಕೆ ಹಾಕಿ ಕೆಳಗಿನಿಂದ ಕೆಂಡವನ್ನೆಲ್ಲ ಎಳೆದು ನೀರು ಹೋಗುವ ಕಡೆಗೆ ತಳ್ಳಿದರು. ಕೊನೆಯ ಕೆಂಡ ಎಳೆಯುತ್ತಿದ್ದಾಗ ಬೆನಕ ಎದ್ದು ಹೋದ. ಆ ಸದ್ದು ಬೀದಿಯ ಕೊನೆಗೂ ಕೇಳಿಸಿತಂತೆ. ಅದೇ ಏಟಿಗೆ ಮುಚ್ಚಳ ಕೂರುವ ಬಾಯಿಯ ಬೆಸುಗೆಯೂ ಬಿಟ್ಟು, ಕುದಿಯುವ ನೀರು ಆಚಾರ್ರ ಬಲಗೈ ಮೇಲೆ ಬಿತ್ತು.

ಅಳಿಯ ಓಡಿದ. ಪಡಸಾಲೆಯಲ್ಲಿ ನಾನು ಹಿಡಿದೆ, ಎಣ್ಣೆಗೆ ಜಾರಿದ. ಬಾಗಿಲಲ್ಲಿ ಮಗಳು ಹಿಡಿದಳು, ಜಾರಿದ. ಬೀದಿಯಲ್ಲಿ ಎದುರುಮನೆಯವರು ಇಬ್ಬರು ಸೇರಿ ಹಿಡಿದರು, ಅವರ ನಡುವಿನಿಂದಲೂ ಜಾರಿದ. ಪಟಾಕಿ ಹಚ್ಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಅವರಲ್ಲೊಬ್ಬರು ನನಗೆ ಕೇಳುವ ಹಾಗೇ ಹೇಳಿದರು: "ಶೆಟ್ರು ಈ ವರ್ಷ ಕೈ ಬಿಚ್ಚಿ ಪಟಾಕಿ ತಂದವ್ರೆ ಕಣಯ್ಯ. ಅಳಿಯನೇ ಹಾರಿಬಂದ."

ಒಳಗೆ ಆಚಾರ್ರು ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕೂತಿದ್ದರು. ನಾನು ಹೆಂಡತಿಯ ಮೇಲೆ ರೇಗಿದೆ. ಅವಳು ಸಮಾಧಾನವಾಗಿಯೇ ಅಂದಳು: "ಬೆನಕ ಕೂರೋಕೇ ಆ ತೂತು ಮಾಡಿದ್ದಾರೆ ಅಂದ್ಕೊಂಡೆ. ಅಂಗಡಿಯವರು ನೀವು. ಹೇಳಿದ್ರಾ?"

ಆಚಾರ್ರು ನನ್ನ ಕಡೆ ನೋಡಿದರು. ಆ ಮಾತು ಅವರು ಆಡಬೇಕಾದದ್ದು. ಇನ್ನೊಬ್ಬರು ಆಡಿಬಿಟ್ಟಿದ್ದರು.

ಕೈ ವಾಸಿಯಾಯಿತು, ಬೆರಳು ಪೂರ್ತಿ ಮಡಚಲಿಲ್ಲ. ಸುತ್ತಿಗೆ ಹಿಡಿಯಬಹುದಿತ್ತು, ಹೂವು ಕೊರೆಯುವ ಸಣ್ಣ ಉಳಿ ಹಿಡಿಯಲಾಗುತ್ತಿರಲಿಲ್ಲ. ಗುರುತಿಲ್ಲದ ಪಾತ್ರೆ ಮಾಡುವುದಿಲ್ಲ ಅಂದರು. ಕೊಡ, ಕೊಳಗಗಳಿಗೆ ಕಲಾಯಿ ಹಾಕಿಕೊಂಡು ಉಳಿದರು. ದುಡ್ಡು ಕೊಡಲು ಹೋದೆ, ವೈದ್ಯರಿಗೆ ಆದಷ್ಟು ಮಾತ್ರ ತೆಗೆದುಕೊಂಡರು. "ಮಿಕ್ಕ ಅನ್ನೊಂದು ಮನೆಗೂ ಓಗಿ ಆ ಮೂರು ಮಾತು ಯೋಳ್‌ಬನ್ನಿ. ನನ್ನ ಹೂವು ಅಲ್ಲೆಲ್ಲಾ ಐತೆ."

ಹೋದೆ. ಬಸ್ಸು, ರೈಲು, ಒಂದೆರಡು ಕಡೆ ಎತ್ತಿನ ಗಾಡಿ. ಅಜ್ಜಿ, "ಈಗ ಹೇಳ್ತೀಯಾ" ಅಂದರು. ಗುಮಾಸ್ತರು ಬರವಣಿಗೆಯಲ್ಲಿ ಕೊಡಿ ಅಂದರು. ಕೊಬ್ಬರಿ ವ್ಯಾಪಾರಿ, "ನಾನು ಕೇಳಲೇ ಇಲ್ಲವಲ್ಲ" ಅಂದರು.

ಈಗ ಕೂಡಿಸಿ ಕಳೆದರೆ: ನೂರ ಎಂಬತ್ತರಲ್ಲಿ ಮನೆಯ ಬಾಯ್ಲರಿನದು ಬರಲೇ ಇಲ್ಲ. ಮಿಕ್ಕದ್ದು ರಿಪೇರಿ, ಪ್ರಯಾಣ, ವೈದ್ಯರಿಗೆ ಸರಿಹೋಯಿತು. ಆ ಹೂವಿರುವ ಪಾತ್ರೆ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಬೇರೆಯವರು ಮಾಡಿದ ಬಾಯ್ಲರ್ ಮಾರುವಾಗ, ಗಿರಾಕಿ ಕೇಳದಿದ್ದರೂ ಮೂರು ಮಾತು ಹೇಳುವ ಅಭ್ಯಾಸ ಬಂತು. ಅದರಿಂದ ವರ್ಷಕ್ಕೆ ಒಂದಿಬ್ಬರು ಗಿರಾಕಿಗಳು ಎದ್ದು ಹೋಗುತ್ತಾರೆ. ಅಳಿಯ ಅಂದಿನಿಂದ ಪ್ರತಿ ದೀಪಾವಳಿಗೂ ತಮ್ಮ ಮನೆಯಲ್ಲೇ ಸ್ನಾನ ಮುಗಿಸಿಕೊಂಡು ಬರುತ್ತಾನೆ. ಒಬ್ಬರ ಎಣ್ಣೆ, ಸೀಗೆಪುಡಿ, ಎರಡು ಬಿಂದಿಗೆ ಬಿಸಿನೀರು ಉಳಿತಾಯ. ಹನ್ನೆರಡು ಬಾಯ್ಲರಿನಲ್ಲಿ ನಾನು ಲಾಭ ಅಂತ ತೋರಿಸಬಹುದಾದದ್ದು ಅದೊಂದೇ.