ಚಿಕ್ಕಪ್ಪನ ಶ್ರುತಿಶುದ್ಧಿ

ನಮ್ಮ ಚಿಕ್ಕಪ್ಪ ಹಾಡಲು ಬಾಯಿ ತೆರೆದರೆ ಶ್ರುತಿಪೆಟ್ಟಿಗೆಯೇ ನಿಂತುಹೋಗುತ್ತದೆ ಎಂದರೆ ನೀವು ನಂಬುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ! ಆಗ ಕರೆಂಟು ಹೋಗಿತ್ತು ಎಂಬುದು ಚಿಕ್ಕಪ್ಪನ ವಾದ. ಹೋಗಿದ್ದು ನಿಜ. ಆದರೆ ಜಯನಗರದ ಅಷ್ಟೂ ಬ್ಲಾಕುಗಳಲ್ಲಿ ಅವರೊಬ್ಬರ ಮನೆಯದೇ ಯಾಕೆ ಹೋಗಬೇಕಿತ್ತು?

ಇಂಥ ಚಿಕ್ಕಪ್ಪ ಒಂದು ಭಾನುವಾರ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ತಾವೇ ಹಾಡಿದ ದೇವರನಾಮವೊಂದನ್ನು ಕಳಿಸಿದರು. ನಾನು ದೋಸೆ ಹುಯ್ಯುತ್ತಿದ್ದೆ. ಕೇಳುತ್ತ ಕೇಳುತ್ತ ಕಾವಲಿಯ ಮೇಲಿನ ದೋಸೆ ಸೀದು ಕರ್ರಗಾಯಿತು. ಒಂದೇ ಒಂದು ಅಪಸ್ವರವಿಲ್ಲ! ಅಷ್ಟರಲ್ಲಿ ಅಮ್ಮನ ಫೋನು.

"ಕೇಳಿದ್ಯಾ? ಅರವತ್ತೇಳನೇ ವಯಸ್ಸಿಗೆ ದೇವರು ಕಣ್ಣುಬಿಟ್ಟ ಕಣೇ!" ಅಮ್ಮ ನಿಜಕ್ಕೂ ಅಳುತ್ತಿದ್ದರು.

ನನಗೆ ದೇವರ ಮೇಲೆ ನಂಬಿಕೆಯಿದೆ. ಆದರೆ ಚಿಕ್ಕಪ್ಪನ ಗಂಟಲಿನ ಮೇಲೆ ಇರಲಿಲ್ಲ. ಸೀದಾ ಅವರ ಮನೆಗೆ ಓಡಿದೆ. ಬಾಗಿಲು ತೆರೆದ ಚಿಕ್ಕಮ್ಮ, "ಬಾ, ನಿಮ್ಮ ಚಿಕ್ಕಪ್ಪ ಒಳಗೆ ರಿಪೇರಿ ಮಾಡ್ತಿದ್ದಾರೆ" ಅಂದರು.

"ಏನು ರಿಪೇರಿ?"

"ಗಂಟಲು!"

ಒಳಗೆ ಚಿಕ್ಕಪ್ಪ ಲ್ಯಾಪ್‌ಟಾಪಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಪರದೆಯ ಮೇಲೆ ಹಾವು ಹರಿದಂಥ ಹಸಿರು ಗೆರೆ. "ಇದು ನಾನು ಹಾಡಿದ್ದು" ಎಂದು ತೋರಿಸಿದರು. ಆ ಗೆರೆ ಇರಬೇಕಾದ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಇತ್ತು. ಚಿಕ್ಕಪ್ಪ ಅದನ್ನು ಮೌಸಿನಲ್ಲಿ ಹಿಡಿದು, ಓಡಿಹೋದ ಕರುವನ್ನು ಎಳೆದು ತರುವಂತೆ ಎಳೆದು, ಸರಿಯಾದ ಸ್ವರದ ಮೇಲೆ ಕೂರಿಸಿದರು. ರೆಕಾರ್ಡ್ ಮಾಡಿದ ಹಾಡಿನ ಶ್ರುತಿ ಸರಿಪಡಿಸುವ ಸಾಫ್ಟ್‌ವೇರ್ ಅಂತೆ. ಮೂರು ನಿಮಿಷದ ಹಾಡಿಗೆ ಹನ್ನೊಂದು ದಿನ ಹಿಡಿದಿತ್ತಂತೆ!

"ಚಿಕ್ಕಪ್ಪ, ಇದು ಮೋಸ ಅಲ್ವಾ?"

"ಯಾವ ಮೋಸ? ಮೂವತ್ತು ವರ್ಷ ಫ್ಯಾಕ್ಟರೀಲಿ ಇನ್ಸ್‌ಪೆಕ್ಷನ್‌ನಲ್ಲಿದ್ದೋನು ನಾನು. ಬೋಲ್ಟು ಕೂದಲೆಳೆಯಷ್ಟು ಡೊಂಕಿದ್ರೂ ವಾಪಸ್ ಕಳಿಸ್ತಿದ್ದೆ. ಸ್ವರ ಡೊಂಕಿದ್ರೆ ಬಿಟ್ಬಿಡ್ಲಾ?"

ತಮ್ಮ ಡೊಂಕನ್ನಷ್ಟೇ ನೆಟ್ಟಗೆ ಮಾಡಿಕೊಂಡಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಮರುವಾರ ಅಮ್ಮ ಅವರಿಗೆ, "ಸಾರಿನ ಪುಡಿ ಕಳಿಸ್ತಿದೀನಿ, ಹಳೇ ಡಬ್ಬಿ ವಾಪಸ್ ಕೊಡಿ" ಎಂದು ವಾಯ್ಸ್ ಮೆಸೇಜ್ ಕಳಿಸಿದರು. ಸಂಜೆಗೆ ಅದೇ ಮೆಸೇಜು ಮೋಹನ ರಾಗದಲ್ಲಿ ಗ್ರೂಪಿಗೆ ಬಂತು! ಅಮ್ಮನದೇ ದನಿ, ಅಮ್ಮನದೇ ಮಾತು. "ಡಬ್ಬಿ" ಎಂಬಲ್ಲಿ ಮೇಲಿನ ಷಡ್ಜಕ್ಕೆ ಏರಿ, "ವಾಪಸ್" ಎಂಬಲ್ಲಿ ನಿಧಾನಕ್ಕೆ ಇಳಿಯುತ್ತಿತ್ತು. ಅಮ್ಮ ಗರಬಡಿದವರಂತೆ ಕೂತರು.

"ನಾನು ಯಾವಾಗ ಹಾಡಿದೆ?"

ಚಿಕ್ಕಪ್ಪನನ್ನು ಕೇಳಿದರೆ, "ಅತ್ತಿಗೆ, ನಿಮ್ಮ ಮಾತಿನಲ್ಲಿ ಶ್ರುತಿ ಸ್ವಲ್ಪ ಕಮ್ಮಿ ಇತ್ತು" ಎಂಬ ಉತ್ತರ. ಅಮ್ಮ ಎರಡು ತಿಂಗಳು ಅವರ ಮನೆಗೆ ಬರೀ ಟೈಪ್ ಮಾಡಿಯೇ ಮೆಸೇಜ್ ಕಳಿಸಿದರು.

ಆಮೇಲೆ ಚಿಕ್ಕಮ್ಮನ ಭಜನಾಮಂಡಳಿಯ ಸರದಿ. ಚಿಕ್ಕಮ್ಮ ಅಲ್ಲಿ ಮುಖ್ಯ ಗಾಯಕಿ. ಅವರದು ಸೊಗಸಾದ ಎತ್ತರದ ದನಿ. ಚಿಕ್ಕಪ್ಪ ಮಂಡಳಿಯ ಹಾಡನ್ನು ರೆಕಾರ್ಡ್ ಮಾಡಿಕೊಂಡು ಬಂದು ಸ್ವರ ಓಲಾಡಿಸುವ ಗಮಕಗಳನ್ನೆಲ್ಲ ಡೊಂಕೆಂದು ತಿಳಿದು ಇಸ್ತ್ರಿ ಹೊಡೆದುಬಿಟ್ಟರು! ಮುಂದಿನ ಶುಕ್ರವಾರ ಎಲ್ಲರೆದುರು ಹೆಮ್ಮೆಯಿಂದ ಹಾಕಿಯೂ ತೋರಿಸಿದರು. ಹನ್ನೆರಡು ಹೆಂಗಸರು ಬಾಯಿ ತೆರೆದುಕೊಂಡು ಕೇಳಿದರು. ಕೊನೆಗೆ ಮಂಡಳಿಯ ಅಧ್ಯಕ್ಷೆ ಕನ್ನಡಕ ತೆಗೆದು ಕೇಳಿದರು: "ಸಾರ್, ಇದು ನಾವಾ, ಇಲ್ಲಾ ಯಾರೋ ಕಾರು ರಿವರ್ಸ್ ತಗೋತಿದ್ದಾರಾ?"

ಹೀಗೆ ನಗುತ್ತಿರುವಾಗಲೇ ಚಿಕ್ಕಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಆಪರೇಷನ್ ಆಯಿತು. ಜೀವಕ್ಕೇನೂ ಅಪಾಯವಿಲ್ಲವೆಂದು ಎಲ್ಲರೂ ನಿಟ್ಟುಸಿರುಬಿಟ್ಟೆವು. ಆದರೆ ಮನೆಗೆ ಬಂದ ಚಿಕ್ಕಮ್ಮ ಬಾಯಿ ತೆರೆದಾಗ ನಾನು ಬೆಚ್ಚಿಬಿದ್ದೆ. ದಪ್ಪ, ಒರಟು, ಎಲ್ಲೋ ಆಳದಿಂದ ಬರುವ ದನಿ. ಇನ್ನು ಹೀಗೇ ಇರಬಹುದು ಎಂದು ಡಾಕ್ಟರೂ ಹೇಳಿಬಿಟ್ಟಿದ್ದರು. ಫೋನಿನಲ್ಲಿ ಕೊರಿಯರ್‌ನವನು "ಹೇಳಿ ಸಾರ್" ಅಂದ ದಿನದಿಂದ ಚಿಕ್ಕಮ್ಮ ಫೋನ್ ಎತ್ತುವುದನ್ನೇ ಬಿಟ್ಟರು. ಭಜನೆಗೆ ಹೋಗಲಿಲ್ಲ. ತರಕಾರಿಯವಳ ಹತ್ತಿರವೂ ಕೈಸನ್ನೆ.

ನಾನೇ ಒಂದು ದಿನ ಚಿಕ್ಕಪ್ಪನ ಕಿವಿಯಲ್ಲಿ ಹೇಳಿದೆ: "ಚಿಕ್ಕಮ್ಮನ ದನಿ ರೆಕಾರ್ಡ್ ಮಾಡಿ ಸರಿ ಮಾಡಿ ಕೊಡಿ. ಸ್ವಲ್ಪ ಸಮಾಧಾನ ಆಗ್ಬಹುದು."

ಚಿಕ್ಕಪ್ಪ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಡೀ ಬಳಗದ ಗಂಟಲನ್ನು ಹೇಳದೆ ಕೇಳದೆ ತಿದ್ದಿದ ಮನುಷ್ಯ!

"ಏನು ಸರಿ ಮಾಡ್ಬೇಕು? ಅದು ಅವಳ ದನಿ ಕಣೇ" ಅಂದು ಎದ್ದುಹೋದರು.

ಮೂರು ತಿಂಗಳ ಬಳಿಕ ಅವರ ಮೊಮ್ಮಗಳ ನಾಮಕರಣ, ಪುಟ್ಟೇನಹಳ್ಳಿಯಲ್ಲಿ, ಅವರ ಮಗಳ ಅಪಾರ್ಟ್‌ಮೆಂಟಿನ ಹಾಲಿನಲ್ಲಿ. ನಮ್ಮಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಹಾಡುವುದು ಚಿಕ್ಕಮ್ಮ. ನನ್ನ ಮಕ್ಕಳಿಗೂ ಅವರೇ ಹಾಡಿದ್ದು. ಮಗುವನ್ನು ಮಲಗಿಸಿದರು, ಕಿವಿಯಲ್ಲಿ ಹೆಸರು ಹೇಳಿದರು. ಹಾಡು ಇಲ್ಲ. ಚಿಕ್ಕಮ್ಮ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಯಾರೋ, "ಫೋನಲ್ಲೇ ಒಂದು ಹಾಕ್ಬಿಡಿ" ಅಂದರು.

ಆಗ ಚಿಕ್ಕಪ್ಪ ಮುಂದೆ ಬಂದು ತೊಟ್ಟಿಲ ಮೇಲೆ ಕೈಯಿಟ್ಟು ಹಾಡಲು ಶುರುಮಾಡಿದರು! ಐವತ್ತು ಜನರೆದುರು, ಬರೀ ಗಂಟಲಲ್ಲಿ! ಮಗು ಫಕ್ಕನೆ ಕಣ್ಣು ತೆರೆಯಿತು. ಒಳಗಿನಿಂದ ಅಡುಗೆಯವರು ಗಾಬರಿಯಾಗಿ ಹೊರಗೆ ಬಂದರು. ಚಿಕ್ಕಪ್ಪನ ಮುಖ ಕಿವಿಯವರೆಗೂ ಕೆಂಪೇರಿತ್ತು, ಆದರೂ ನಿಲ್ಲಿಸಲಿಲ್ಲ. ಇಳಿಯಬೇಕಾದಲ್ಲೆಲ್ಲ ಏರುತ್ತ, ಏರಬೇಕಾದಲ್ಲಿ ಜಾರುತ್ತ ಎರಡನೇ ಸಾಲಿಗೆ ಬಂದರು.

"ಅಯ್ಯೋ, ಅಲ್ಲಲ್ಲ ರೀ! ಅಲ್ಲಿ ಇಳೀಬೇಕು!" ಹಿಂದಿನಿಂದ ದಪ್ಪ ದನಿ.

"ಎಲ್ಲಿ?"

"ಅಲ್ಲೇ, 'ಜೋ' ಅನ್ನೋ ಕಡೆ."

"ಗೊತ್ತಾಗ್ತಿಲ್ಲ ಕಣೇ. ಹೇಗೆ?"

ಚಿಕ್ಕಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಆ ಸಾಲನ್ನು ಹಾಡಿ ತೋರಿಸಿದರು. ಚಿಕ್ಕಪ್ಪ ಮತ್ತೆ ತಪ್ಪಿದರು. ಚಿಕ್ಕಮ್ಮ ಮತ್ತೆ ತೋರಿಸಿದರು. ಮೂರನೇ ಸಲ ಚಿಕ್ಕಪ್ಪ ಬಾಯಿಯೇ ತೆರೆಯಲಿಲ್ಲ. ಚಿಕ್ಕಮ್ಮನಿಗೆ ಅದು ಗೊತ್ತಾಗಲೂ ಇಲ್ಲ. ಹಾಡು ಮುಂದಕ್ಕೆ ಹೋಯಿತು; ಎತ್ತರಕ್ಕೆ ಹೋಗದೆ, ಕೆಳಗೆ, ನೆಲಕ್ಕೆ ಹತ್ತಿರದಲ್ಲಿ, ಒರಟಾಗಿ, ಗಮಕಗಳೆಲ್ಲ ಇದ್ದಲ್ಲೇ ಇದ್ದು.

ನಡುವೆ ಮಗು ಹಸಿವಿಗೆ ಕುಂಯ್‌ಗುಟ್ಟಿತು. ಅದರ ಅಮ್ಮ ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದಳು. ಚಿಕ್ಕಮ್ಮ ಕಣ್ಣುಮುಚ್ಚಿ ಹಾಡುತ್ತಲೇ ಇದ್ದರು. ಚಿಕ್ಕಪ್ಪ ಅವರ ಮುಖವನ್ನೇ ನೋಡುತ್ತ, ಖಾಲಿ ತೊಟ್ಟಿಲನ್ನು ಸದ್ದಾಗದ ಹಾಗೆ ತೂಗುತ್ತಿದ್ದರು.